ಮಗ್ಗ ನಿಂತಾಗ ತಿರುಗಿದ ತಲೆ

ಆನ್‌ಲೈನ್ ಪರೀಕ್ಷೆಯ ಕಾವಲುಗಾರರಾದ ಶ್ರೀಮನ್ ವೆಬ್‌ಕ್ಯಾಮ್ ಮಹಾಶಯರ ಸನ್ನಿಧಿಗೆ, ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವ ಜ್ಯೋತಿಲಕ್ಷ್ಮಿಯ ಸಾವಿರ ನಮಸ್ಕಾರಗಳು.

ಮಾನ್ಯರೇ,

ನನ್ನ ಮಗಳು ಮೌನಿಕಾಳ ಕಾಲೇಜು ಪ್ರವೇಶ ಪರೀಕ್ಷೆಯಂದು ತಾವು ನಮ್ಮ ಮನೆಗೆ ದಯಮಾಡಿಸಿ, ರೆಪ್ಪೆ ಮಿಟುಕಿಸದೆ ಕಾವಲು ಕಾದದ್ದು ನಮ್ಮ ಪೂರ್ವಜನ್ಮದ ಪುಣ್ಯ. ಬೀಗರು ಬಂದರೂ ಪಡಸಾಲೆ ದಾಟುವುದಿಲ್ಲ. ತಾವೋ ಬಂದವರೇ ಲ್ಯಾಪ್‌ಟಾಪ್ ಎತ್ತಿ ಸುತ್ತಲೂ ತೋರಿಸೆಂದು ಅಪ್ಪಣೆ ಕೊಡಿಸಿ, ದೇವರ ಗೂಡು, ಮಂಚದ ಕೆಳಗಿನ ಟ್ರಂಕು, ಹಗ್ಗದ ಮೇಲೆ ಒಣಗುತ್ತಿದ್ದ, ಹೆಸರು ಹೇಳಲು ನಾಚಿಕೆಯಾಗುವ ಬಟ್ಟೆಗಳವರೆಗೆ ಎಲ್ಲವನ್ನೂ ಪರಿಶೀಲಿಸಿದಿರಿ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೂ ಇಷ್ಟು ನೋಡಿರಲಿಲ್ಲ.

ಸ್ನಾನ ಮುಗಿಸಿ ಒದ್ದೆ ಸೀರೆಯಲ್ಲೇ ಒಳಗೆ ಬಂದ ನಮ್ಮತ್ತೆ ಹುಚ್ಚಕ್ಕ, ಯಾರೋ ಕಣ್ಣಿಟ್ಟು ನೋಡುತ್ತಿದ್ದಾರೆಂದು ತಿಳಿದು ಗಾಬರಿಯಿಂದ ಸೆರಗು ಹೊದ್ದರು. ಆದರೂ ಮನೆಗೆ ಬಂದವರನ್ನು ಮಾತಾಡಿಸದೆ ಬಿಡುವವರಲ್ಲ, “ಮುಂಜಾನಿಂದ ಹಂಗೇ ನೋಡ್ಕಂತ ಕುಂತೀಯಲ್ಲಪ್ಪ, ಏನಾರ ಉಂಡೆಯಾ?” ಎಂದು ವಿಚಾರಿಸಿದರು. ತಮ್ಮ ವರದಿಯಲ್ಲಿ ಇದು ‘ಹೊರಗಿನ ವ್ಯಕ್ತಿಯ ನೆರವು’ ಎಂದಾಗಿದೆ. ಈ ಮನೆಯಲ್ಲೇ ಮುದುಕಿಯಾದವರು ಹೊರಗಿನವರು, ಅಂದು ಬಂದ ತಾವು ಒಳಗಿನವರು, ಆಗಲಿ.

ಮೌನಿಕಾ ಪದೇಪದೇ ಪಕ್ಕಕ್ಕೆ ತಿರುಗಿದಳೆಂದು ಫಲಿತಾಂಶ ತಡೆಹಿಡಿದಿದ್ದೀರಿ. ಇರುವುದು ಒಂದೇ ಕೋಣೆ, ಅದರಲ್ಲೇ ಮಗ್ಗ. ನೇಕಾರರ ಮಕ್ಕಳಿಗೆ ಮಗ್ಗದ ಸದ್ದು ಕೇಳಿಸುವುದಿಲ್ಲ ಸ್ವಾಮಿ, ಅದು ನಿಂತರೆ ಮಾತ್ರ ಕೇಳಿಸುತ್ತದೆ. ಸದ್ದು ನಿಂತಿತೆಂದರೆ ಎಳೆ ಹರಿಯಿತೆಂದು ಅರ್ಥ. ತೊಟ್ಟಿಲ ಕೂಸಿನ ತಲೆಯೂ ತಾನಾಗಿ ಆ ಕಡೆ ತಿರುಗುತ್ತದೆ. ಅಂದು ಆ ಹಾಳು ಎಳೆ ಮೇಲಿಂದ ಮೇಲೆ ಹರಿಯಿತು. ಅವಳು ನೋಡಿದ್ದು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ನನ್ನನ್ನು. ನನ್ನಿಂದ ಉತ್ತರ ಕದಿಯಬಹುದೆಂದು, ಅಂದರೆ ನಾನು ಅಷ್ಟು ಓದಿದವಳೆಂದು ನಂಬಿದ ಮೊದಲಿಗರು ತಾವೇ, ಅದಕ್ಕೆ ಋಣಿ. ಆದರೆ ನನ್ನ ಮಗಳು ಕಳ್ಳಿಯಲ್ಲ. ಇದೊಂದನ್ನು ಬರೆಯುವಾಗ ನನಗೆ ನಗು ಬರುತ್ತಿಲ್ಲ.

ಆದ್ದರಿಂದ ಫಲಿತಾಂಶ ಬಿಡಬೇಕೆಂದೂ, ಅತ್ತೆಯ ಒದ್ದೆ ಸೀರೆಯ ಚಿತ್ರವನ್ನು ಯಾರ್ಯಾರು ನೋಡಿದರೆಂದು ತಿಳಿಸಿ ಅದನ್ನು ಅಳಿಸಬೇಕೆಂದೂ ಪ್ರಾರ್ಥನೆ. ಆಗದಿದ್ದರೆ ತಮ್ಮ ಸಾಹೇಬರು ಒಂದು ದಿನ ಲ್ಯಾಪ್‌ಟಾಪ್ ಎತ್ತಿ ಅವರ ಮಂಚದ ಕೆಳಗನ್ನೂ ಹಗ್ಗದ ಮೇಲಿನದನ್ನೂ ನಮಗೆ ತೋರಿಸಲಿ. ಕಾವಲು ಕೂತು ನೋಡಲು ಅತ್ತೆ ಬಿಡುವಾಗಿದ್ದಾರೆ.

ತಮ್ಮ ಕಣ್ಣಳತೆಯಲ್ಲೇ ಬಾಳುತ್ತಿರುವ,
ತಮ್ಮ ವಿಶ್ವಾಸಿ,
ಜ್ಯೋತಿಲಕ್ಷ್ಮಿ

ವಿ.ಸೂ.: ಮರುಪರೀಕ್ಷೆ ಇದೆಯೆಂದೂ, ಕೋಣೆಯಲ್ಲಿ ಒಂದಿಷ್ಟೂ ಸದ್ದಿರಕೂಡದೆಂದೂ ತಮ್ಮ ಆಜ್ಞೆ ಈಗಷ್ಟೇ ತಲುಪಿತು. ಶಿರಸಾವಹಿಸಿ ಅಂದು ಮಗ್ಗ ನಿಲ್ಲಿಸುತ್ತೇವೆ. ಪರೀಕ್ಷೆ ಮುಗಿಯುವವರೆಗೂ ಅದು ನಿಂತೇ ಇರುತ್ತದೆ. ಮೌನಿಕಾಳ ತಲೆ ಎತ್ತ ತಿರುಗಿರುತ್ತದೋ ತಾವೇ ನೋಡಿಕೊಳ್ಳಿ.