ಮಾವನ ಮಚ್ಚೆ

ಇರುವ ಒಂದೇ ಒಂದು ಸ್ನಾನದ ಮನೆಯನ್ನು ಅಳಿಯಂದಿರು ವಶಪಡಿಸಿಕೊಂಡಿದ್ದರಿಂದ ಬೆಳಗಿನಿಂದ ಮನೆಯಲ್ಲಿ ಯಾರಿಗೂ ಸ್ನಾನವಿಲ್ಲ. ಕಿಟಕಿಗೆ ಕಂಬಳಿ, ಮೇಲೊಂದು ಕೆಂಪು ಬಲ್ಬು, ಬಕೆಟ್ಟಿನ ಜಾಗದಲ್ಲಿ ಫೋಟೋ ತೊಳೆಯುವ ಔಷಧದ ಟ್ರೇಗಳು. ಹೆಂಡತಿ ಬಾಗಿಲು ಬಡಿದಾಗಲೆಲ್ಲ, ಬೆಳಕು ಬಿದ್ದರೆ ನಿಮ್ಮಪ್ಪ ಪೂರ್ತಿ ಕಪ್ಪಾಗುತ್ತಾರೆ ಎಂಬ ಬೆದರಿಕೆ ಒಳಗಿನಿಂದ ಬರುತ್ತಿತ್ತು.

ತೀರಿಹೋದ ಮಾವ ದರ್ಜಿ. ಊರಿಗೆಲ್ಲ ಬಟ್ಟೆ ಹೊಲಿದವರದು ಗೋಡೆಯ ಮೇಲೆ ಒಂದೂ ಫೋಟೋ ಇರಲಿಲ್ಲ. ಈಚೆಗೆ ಅತ್ತೆಯ ಟ್ರಂಕಿನ ತಳದಲ್ಲಿ ಅವರ ನೆಗೆಟಿವ್ ಸಿಕ್ಕಿತು. ಮುಖ ಮರೆತುಹೋಗುವ ಮುಂಚೆ ಒಮ್ಮೆ ನೋಡಬೇಕು ಎಂದು ಅತ್ತೆ ಅಂದದ್ದೇ ತಡ, ಸ್ಟುಡಿಯೋಗೆ ಕೊಡೋಣವೆಂದ ಹೆಂಡತಿಯ ಬಾಯಿ ಮುಚ್ಚಿಸಿ ಅಳಿಯಂದಿರು ತೋಳೇರಿಸಿದರು. ಕಾಲೇಜಿನಲ್ಲಿ ಅವರು ಛಾಯಾಚಿತ್ರ ಸಂಘದ ಘನ ಕಾರ್ಯದರ್ಶಿಗಳು (ಮಾಡಿದ ಕೆಲಸ ಕುರ್ಚಿ ಹಾಕಿಸಿದ್ದು ಮಾತ್ರ).

ಸಂಜೆಗೆ ಮಾವ ಕಾಗದದ ಮೇಲೆ ಅವತರಿಸಿದರು. ಅತ್ತೆ ಕನ್ನಡಕ ಒರೆಸಿಕೊಂಡು ನೋಡಿ, ಮಚ್ಚೆ ಎಡಗೆನ್ನೆಯಲ್ಲಿತ್ತಲ್ಲ, ಬಲಕ್ಕೆ ಹೇಗೆ ಬಂತು ಎಂದರು.

“ಫೋಟೋ ಸುಳ್ಳು ಹೇಳಲ್ಲ ಅತ್ತೆ. ವಯಸ್ಸಾದ ಮೇಲೆ ನೆನಪು ಸ್ವಲ್ಪ ಆಚೀಚೆ ಆಗುತ್ತೆ.”

ಅತ್ತೆ ವಾದಿಸಲಿಲ್ಲ. ಜೊತೆಯಲ್ಲಿ ಬಾಳಿದವರ ಮುಖವೇ ಮರೆತೆನಲ್ಲ ಎಂದು ಗೊಣಗುತ್ತ, ಸೆರಗಿನಿಂದ ಕಣ್ಣೊತ್ತಿಕೊಂಡು ಫೋಟೋ ಸಮೇತ ಕೋಣೆ ಸೇರಿದರು. ಕಾಫಿಗೆ ಕರೆದರೂ ಬರಲಿಲ್ಲ.

ಬಟ್ಟೆ ಒಣಗಿಸುವ ಹಗ್ಗಕ್ಕೆ ಇನ್ನೊಂದು ಪ್ರತಿಯನ್ನು ಕ್ಲಿಪ್ಪು ಹಾಕಿ ನೇತುಹಾಕಿತ್ತು. ಹೆಂಡತಿ ಅದರ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಅಪ್ಪ ತಾವೇ ಹೊಲಿದ ಶರ್ಟಿಗೆ ಜೇಬು ಬಲಗಡೆ ಇಟ್ಕೊಳ್ತಿದ್ರಾ?”

ಆಗಿನ ಫ್ಯಾಷನ್ ಇರಬಹುದು ಎಂದ ಅಳಿಯಂದಿರು ಮರುಕ್ಷಣವೇ ಸ್ನಾನದ ಮನೆಗೆ ನುಗ್ಗಿದರು. ನೋಡಿದರೆ ನೆಗೆಟಿವ್ ಇನ್ನೂ ಇಟ್ಟ ಹಾಗೇ ಇತ್ತು. ಫಿಲ್ಮಿನ ಮಂಕಾದ ಬದಿ ಫೋಟೋ ಕಾಗದದ ಕಡೆಗಿರಬೇಕಿತ್ತು. ಇವರು ಮಿರುಗುವ ಬದಿಯನ್ನು ಇಟ್ಟಿದ್ದರು. ಮಾವ ಪೂರಾ ಎಡಬಲ ಅದಲುಬದಲು. ಅದಾದರೂ ಹೋಗಲಿ, ತಮ್ಮ ಜಂಬ ಉಳಿಸಿಕೊಳ್ಳಲು ಆ ಮುದುಕಿ ಮನಸ್ಸಿನಲ್ಲಿ ಕಾಪಾಡಿಕೊಂಡಿದ್ದ ಮುಖವನ್ನೇ ಸುಳ್ಳು ಮಾಡಿದ್ದಾಯಿತಲ್ಲ ಎಂದು ಅವರಿಗೆ ವಿಪರೀತ ನಾಚಿಕೆಯಾಯಿತು. ಬಕೆಟ್ಟಿಗೆ ತಲೆ ತೂರಿಸೋಣವೆಂದರೆ ಬಕೆಟ್ಟೂ ಹೊರಗಿತ್ತು.

ಕಾಲೆಳೆಯುತ್ತ ಅತ್ತೆಯ ಕೋಣೆಗೆ ಹೋದರು. ಅತ್ತೆ ಬೀರುವಿನ ಕನ್ನಡಿಯ ಮುಂದೆ ಫೋಟೋವನ್ನು ಎದೆಗೆ ಹಿಡಿದು ನಿಂತಿದ್ದರು. ಕನ್ನಡಿಯೊಳಗಿನ ಮಾವನ ಮಚ್ಚೆ ಎಡಗೆನ್ನೆಯಲ್ಲೇ ಇತ್ತು.

“ತಪ್ಪು ನನ್ನದು ಅತ್ತೆ. ಫಿಲ್ಮ್ ತಿರುವಿ ಇಟ್ಟುಬಿಟ್ಟೆ. ಈಗಲೇ ಇನ್ನೊಂದು ಮಾಡಿಕೊಡ್ತೀನಿ.”

ಅತ್ತೆ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ.

“ಬೇಡ ಅಳಿಯಂದಿರೇ. ಆಚೀಚೆ ಆಗಿದ್ದು ಇವರು, ನನ್ನ ನೆನಪಲ್ಲ. ಅಷ್ಟು ಗೊತ್ತಾಯ್ತು, ಸಾಕು. ಇನ್ನೊಂದ್ಸಲ ನಿಮ್ಮ ಕೈಗೆ ಸಿಕ್ಕಿದ್ರೆ ತಲೆಕೆಳಗಾಗಿ ಬರ್ತಾರೆ.”

ಅಳಿಯಂದಿರು ತಲೆ ತಗ್ಗಿಸಿಕೊಂಡು ಹೋಗಿ ಸ್ನಾನದ ಮನೆಯ ಕಿಟಕಿಯ ಕಂಬಳಿ ಬಿಚ್ಚಿದರು.