ದವಾಖಾನೆ ಕಟ್ಟೆ ಮತ್ತು ಮಂಡಿಪೇಟೆಯ ಚಾ

ಕೆಲವರಿಗೆ ಹಾವು ಕಂಡರೆ ಭಯ, ಕೆಲವರಿಗೆ ಮಾವನ ಮನೆಯವರನ್ನು ಕಂಡರೆ ಭಯ. ನನಗೆ ಯಾರಾದರೂ ಪ್ರೀತಿಯಿಂದ ‘ಚಾ ತಗೊಳ್ರಿ’ ಅಂದಾಗ ‘ಬ್ಯಾಡ’ ಎನ್ನುವುದಕ್ಕೆ ಭಯ. ಎರಡಕ್ಷರದ ಆ ಮಾತು ನನ್ನ ಗಂಟಲಲ್ಲಿ ಹುಟ್ಟುತ್ತದೆ, ನಾಲಿಗೆಯ ತನಕ ಬರುತ್ತದೆ, ಅಷ್ಟರಲ್ಲಿ ಚಾದ ವಾಸನೆ ಎದುರು ಬಂದು ಅದನ್ನು ವಾಪಸು ಅಟ್ಟಿಬಿಡುತ್ತದೆ. ಇದೇನು ಮಹಾ ದೌರ್ಬಲ್ಯ, ಬೇಕಾದಷ್ಟು ಜನಕ್ಕೆ ಇರುತ್ತದೆ ಎಂದು ನೀವು ಅನ್ನಬಹುದು. ನೀವು ದಾವಣಗೆರೆಯ ಮಂಡಿಪೇಟೆಯಲ್ಲಿ ಓಡಾಡಿದವರಲ್ಲ ಅಂತಾಯಿತು.

ನಾನು ಹೇಳುತ್ತಿರುವುದು ನಾಲೆಯ ನೀರು ಬಂದ ಹೊಸತರ ಮಾತು. ಆಗ ಮಂಡಿಪೇಟೆಯಲ್ಲಿ ಒಂದು ರಿವಾಜು ಇತ್ತು. ಕೊಂಡ ಮಾಲಿನ ಬಗ್ಗೆ ತಕರಾರು ಇದ್ದವನು ಅಂಗಡಿ ಮುಂದೆ ನಿಂತು ಕೂಗಾಡುತ್ತಿರಲಿಲ್ಲ. ಮೆಟ್ಟು ಬಿಟ್ಟು ಒಳಗೆ ಬಂದು ಗಾದಿಯ ಅಂಚಿಗೆ ಕೂರುತ್ತಿದ್ದ. ಸಾಹುಕಾರರು ಮಳೆ ಬೆಳೆ ವಿಚಾರಿಸಿ ಚಾ ತರಿಸುತ್ತಿದ್ದರು. ಆತ ಕುಡಿದನೋ, ಎಲ್ಲ ಕ್ಷೇಮ. ‘ಈಗ ಬ್ಯಾಡ್ರಿ’ ಎಂದನೋ, ತಕರಾರು ಬಂತು ಎಂದೇ ಅರ್ಥ. ಅಕ್ಕಪಕ್ಕದ ಅಂಗಡಿಯವರೂ ಕಿವಿ ನಿಮಿರಿಸುತ್ತಿದ್ದರು. ಸಾಹುಕಾರರು ಆತನ ಅಹವಾಲು ಕೇಳಿ ಇತ್ಯರ್ಥ ಮಾಡದೆ ಬೇರೆ ವ್ಯಾಪಾರಕ್ಕೆ ಕೈ ಹಚ್ಚುವಂತಿರಲಿಲ್ಲ. ಇನ್ನು, ಚಾ ಕುಡಿದು ಬಾಯಿ ಒರೆಸಿಕೊಂಡ ಮೇಲೆ ತಕರಾರು ತೆಗೆಯುವುದು ತೀರಾ ಮರ್ಯಾದೆಗೆಟ್ಟವರ ಲಕ್ಷಣ. ಇಂಥ ಊರಿನಲ್ಲಿ ಚಾ ಬೇಡ ಎನ್ನಲಾರದ ನಾನು ಯಾವ ನ್ಯಾಯ ಕೇಳಲಿ, ಯಾರ ಹತ್ತಿರ ಕೇಳಲಿ? ಹುಳ ಬಿದ್ದ ಕಡಲೆಬೇಳೆಯನ್ನು ನಾನು ತಂದಷ್ಟು ಬೇರೆ ಯಾರೂ ಮನೆಗೆ ತಂದಿರಲಿಕ್ಕಿಲ್ಲ.

ನನ್ನ ಉದ್ಯೋಗ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರದು. ಚಿಕ್ಕಂದಿನಲ್ಲಿ ಬಂದ ಜ್ವರದಲ್ಲಿ ನನ್ನ ಎಡಗಾಲು ಸೊರಗಿತು. ಹಾಗಾಗಿ ನನಗಿರುವುದು ಒಂದೂವರೆ ಕಾಲು ಎಂದು ನಾನೇ ಎಲ್ಲರಿಗಿಂತ ಮೊದಲು ಹೇಳಿ ನಕ್ಕುಬಿಡುತ್ತಿದ್ದೆ. ಬೇರೆಯವರು ಹೇಳುವ ಮುಂಚೆ ಹೇಳಿಬಿಟ್ಟರೆ ನೋವು ಕಡಿಮೆ. ಬೋರ್ಡಿನ ಮೇಲೆ ಯಾವ ಸಲಕರಣೆಯೂ ಇಲ್ಲದೆ ಒಂದೇ ಏಟಿಗೆ ಗುಂಡನೆಯ ವೃತ್ತ ಬರೆಯುವ ನನಗೆ ಬೋರ್ಡಿನ ಮುಂದಿನ ಮೆಟ್ಟಿಲು ಹತ್ತುವುದೇ ಕಷ್ಟ. ಹುಡುಗರು ಇದನ್ನು ಬಲ್ಲರು. ಆದರೂ ವೃತ್ತ ನೋಡಿ ಚಪ್ಪಾಳೆ ತಟ್ಟುತ್ತಿದ್ದರು, ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಆ ವರ್ಷ ನಮ್ಮ ವಾರ್ಡಿಗೆ ಮುನ್ಸಿಪಾಲ್ಟಿಯ ಹೊಸ ದವಾಖಾನೆ ಬಂತು. ಅದಕ್ಕೆ ಮೊದಲು ದವಾಖಾನೆ ಇದ್ದದ್ದು ಗಲ್ಲಿಯೊಳಗಿನ ಒಂದು ಬಾಡಿಗೆ ಮನೆಯಲ್ಲಿ. ಮಳೆ ಬಂದರೆ ಕಂಪೌಂಡರು ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದು ಕೈಯಲ್ಲಿ ಔಷಧಿ ಬೆರೆಸುತ್ತಿದ್ದರು, ಎಷ್ಟು ಬೆರೆಸಿದರು ಎನ್ನುವುದು ಮಳೆಗೆ ಬಿಟ್ಟದ್ದು. ಹೊಸ ಕಟ್ಟಡಕ್ಕಾಗಿ ಓಡಾಡಿ ಮಂಜೂರು ಮಾಡಿಸಿದವರು ನಮ್ಮ ವಾರ್ಡಿನ ಮೆಂಬರು ಗುರುಶಾಂತಪ್ಪನವರು. ಮಂಡಿಪೇಟೆಯಲ್ಲಿ ಶೇಂಗಾ ಮಂಡಿ ಇಟ್ಟವರು, ಒಳ್ಳೆಯ ಮನುಷ್ಯರು. ಜನರ ದುಡ್ಡು ಪೋಲಾಗಬಾರದೆಂದು ದಿನವೂ ಬಿಸಿಲಲ್ಲಿ ನಿಂತು, ಇಟ್ಟಿಗೆ ಇಟ್ಟಿಗೆಯನ್ನೂ ತಟ್ಟಿ ನೋಡಿ ಕಟ್ಟಿಸಿದರು. ಆದರೆ ಅವರು ತಮ್ಮ ಜನ್ಮದಲ್ಲಿ ಕಟ್ಟಿಸಿದ್ದೆಲ್ಲ ಗೋದಾಮುಗಳೇ. ಹೀಗಾಗಿ ದವಾಖಾನೆಯೂ ತನಗೆ ಗೊತ್ತಿಲ್ಲದಂತೆ ಗೋದಾಮಾಗಿ ಎದ್ದು ನಿಂತಿತು. ತಳಪಾಯದ ಕಟ್ಟೆ ಸರಿಯಾಗಿ ಎತ್ತಿನ ಗಾಡಿಯಷ್ಟು ಎತ್ತರ; ಗಾಡಿ ಹಿಂದಕ್ಕೆ ಒತ್ತಿ ನಿಲ್ಲಿಸಿದರೆ ಚೀಲ ಎತ್ತದೆಯೇ ಒಳಗೆ ಎಳೆದುಕೊಳ್ಳಬಹುದು, ತಂಡಿ ಏರುವುದಿಲ್ಲ, ಇಲಿ ಹತ್ತುವುದಿಲ್ಲ. ಹತ್ತುವವರಿಗೆಂದು ಮೂಲೆಯಲ್ಲಿ ಮೂರೇ ಮೂರು ಕಲ್ಲು, ಒಂದೊಂದೂ ಮೊಣಕಾಲೆತ್ತರ. ಹಿಡಿದುಕೊಳ್ಳಲು ಗಾಳಿ ಬಿಟ್ಟರೆ ಬೇರೇನೂ ಇಲ್ಲ. ಪ್ರಾರಂಭೋತ್ಸವದ ದಿನ ಮೆಂಬರು, ಎಂಥ ಮಳೆ ಬಂದರೂ ಒಳಗಿನ ಮಾಲಿಗೆ ಒಂದು ಹನಿ ತಾಗುವುದಿಲ್ಲ ಎಂದು ಹೆಮ್ಮೆಯಿಂದ ಭಾಷಣ ಮಾಡಿದರು. ಮಾಲೆಂದರೆ ನಾವೇ ಎಂದು ಗೊತ್ತಾಗದೆ ನಾವೂ ಚಪ್ಪಾಳೆ ತಟ್ಟಿದೆವು. ಬಾಗಿಲ ಮೇಲೆ ‘ಸರ್ವರಿಗೂ ಸ್ವಾಗತ’ ಎಂಬ ಬೋರ್ಡು ಇತ್ತು. ಅದನ್ನು ಬಣ್ಣ ಹಚ್ಚಿ ಬರೆದವನು ನಾನು, ಮನೆಯಲ್ಲಿ ಕೂತು.

ಆಮೇಲೆ ಸ್ವಲ್ಪ ದಿನಕ್ಕೇ ಹೊಸ ಬೂಟು ಕಚ್ಚಿ ಎಡಗಾಲಿನ ಹಿಮ್ಮಡಿ ಹುಣ್ಣಾಯಿತು. ಸೊರಗಿದ ಕಾಲಲ್ಲವೇ, ಅದಕ್ಕೆ ರಕ್ತ ಹೋಗುವುದೇ ಕಡಿಮೆ, ಗಾಯ ಮಾಯುವ ಮನಸ್ಸು ಮಾಡಲಿಲ್ಲ. ದವಾಖಾನೆಯ ಡಾಕ್ಟರು ಮೈಸೂರು ಕಡೆಯ ಯುವಕ. ದಿನ ಬಿಟ್ಟು ದಿನ ಬಂದು ತೊಳೆಸಿ ಪಟ್ಟಿ ಕಟ್ಟಿಸಿಕೊಳ್ಳಿ ಎಂದರು. ನಾನು ಆ ಮೂರು ಕಲ್ಲುಗಳನ್ನು ಕೈ ಊರಿ, ಮಂಡಿ ಊರಿ, ಕಂಡ ದೇವರನ್ನೆಲ್ಲ ನೆನೆದು ಹತ್ತುತ್ತಿದ್ದೆ. ಮೇಲೆ ಪಟ್ಟಿ ಕಟ್ಟಿಸಿಕೊಂಡು ಕೆಳಗೆ ಇಳಿಯುವಷ್ಟರಲ್ಲಿ ಗಾಯ ಒಡೆದು ಪಟ್ಟಿ ಒದ್ದೆ. ಕನಿಕರ ಪಟ್ಟು ಕಂಪೌಂಡರೇ ಕೆಳಗೆ ಬಂದು ರಸ್ತೆಯಲ್ಲಿ ಕಟ್ಟತೊಡಗಿದರು. ಆದರೆ ಆ ರಸ್ತೆಯಲ್ಲಿ ಒಣಮೆಣಸಿನಕಾಯಿ ಗಾಡಿಗಳ ಓಡಾಟ. ಕಂಪೌಂಡರಿಗೆ ಸೀನು, ನನಗೆ ಗಾಯದಲ್ಲಿ ಬೆಂಕಿ. ಡಾಕ್ಟರು ಇದನ್ನು ಕಿಟಕಿಯಿಂದ ಕಂಡು ಆವತ್ತೇ ನಿಲ್ಲಿಸಿದರು. ಹರಿಹರದಲ್ಲಿ ನನ್ನ ಭಾವಮೈದ ಇದ್ದಾನೆ. ಅಲ್ಲಿ ನೆಲಮಟ್ಟದಲ್ಲೇ ಕೂರುವ ಡಾಕ್ಟರು ಗೊತ್ತು, ಬನ್ನಿ ಎಂದ. ಹೋದೆ. ಡಾಕ್ಟರು ನೆಲಮಟ್ಟದಲ್ಲೇ ಇದ್ದರು, ಬಸ್ಸು ನೆಲಮಟ್ಟದಲ್ಲಿ ಇರಲಿಲ್ಲ. ಹತ್ತುವಾಗ ಕಂಡಕ್ಟರು ಎಳೆದ ರಭಸಕ್ಕೆ ಹರಿಹರ ಮುಟ್ಟುವ ಹೊತ್ತಿಗೆ ಬಲಗಾಲೂ ನೋಯುತ್ತಿತ್ತು.

ಕಡೆಗೆ ಹೊಳೆದ ಉಪಾಯ ಎತ್ತಿನ ಗಾಡಿ. ಮಾಯಕೊಂಡದಿಂದ ಶೇಂಗಾ ತರುವ ಗಾಡಿಯವನೊಬ್ಬ ಒಪ್ಪಿದ. ಚೀಲಗಳ ನಡುವೆ ನನ್ನನ್ನು ಕೂರಿಸಿಕೊಂಡು ಬಂದು, ದವಾಖಾನೆ ಕಟ್ಟೆಗೆ ಗಾಡಿ ಒತ್ತಿ ನಿಲ್ಲಿಸಿದ. ನಾನು ಜಾರಿಕೊಂಡು ಒಳಗೆ ಹೋದೆ. ನಿಜ ಹೇಳುತ್ತೇನೆ, ಕಟ್ಟಡ ಆ ಕೆಲಸಕ್ಕೆ ಬಹಳ ಅನುಕೂಲವಾಗಿತ್ತು. ದಾರಿಯಲ್ಲಿ ಹೋಗುತ್ತಿದ್ದ ಹಮಾಲಿಯೊಬ್ಬ ನಿಂತು, ಇದು ಯಾವ ಅಂಗಡಿ ಮಾಲು ಎಂದು ಗಾಡಿಯವನನ್ನು ವಿಚಾರಿಸಿದ. ಆದರೆ ಗಾಡಿ ಬರುವುದು ಸಂತೆ ದಿನ ಮಾತ್ರ. ಗಾಯ ಸಂತೆ ದಿನಕ್ಕೆ ಕಾಯುವುದಿಲ್ಲವಲ್ಲ. ಒಂದು ದಿನ ಡಾಕ್ಟರು ಪಟ್ಟಿ ಬಿಚ್ಚಿ, ಬಹಳ ಹೊತ್ತು ನೋಡಿ, ಮೆಲ್ಲಗೆ ಹೇಳಿದರು: “ಮೇಷ್ಟ್ರೇ, ಹೀಗೇ ಆದರೆ ಇದು ಮೂಳೆಗೆ ಇಳಿಯುತ್ತೆ. ಆಮೇಲೆ ಕಾಲು ಉಳಿಸೋದು ನನ್ನ ಕೈಲಿ ಇರೋದಿಲ್ಲ.”

ಅಷ್ಟು ವರ್ಷ ಅರ್ಧ ಕಾಲು ಅರ್ಧ ಕಾಲು ಎಂದು ಹೀಯಾಳಿಸಿಕೊಂಡು ಬಂದಿದ್ದ ಕಾಲಿನ ಮೇಲೆ ಆ ಕ್ಷಣ ಎಂಥ ಅಕ್ಕರೆ ಬಂತೆನ್ನುತ್ತೀರಿ. ಮನೆಗೆ ಬಂದು ಅದನ್ನು ದಿಂಬಿನ ಮೇಲೆ ಇಟ್ಟುಕೊಂಡು ಕೂತೆ. ಅಳು ಬಂತು, ಅತ್ತೆ. ನನ್ನ ಹೆಂಡತಿ ಗಿರಿಜಾ ಅಳಲಿಲ್ಲ. ಅವಳು ಭಾನುವಳ್ಳಿಯವಳು, ನಾಲೆ ನೀರಿನ ಸರದಿಗೆ ಗಂಡಸರ ಜೊತೆ ಜಗಳಾಡಿ ಗೆದ್ದು ಬಂದವಳು. ಕಟ್ಟಿಸಿದವರನ್ನೇ ಹೋಗಿ ಕೇಳಿ ಎಂದಳು. ನಾನು ಕೋಲೂರಿಕೊಂಡು ಗುರುಶಾಂತಪ್ಪನವರ ಮಂಡಿಗೆ ಹೋದೆ. ಅವರು ಎದ್ದು ಬಂದು ಕೈ ಹಿಡಿದು ಕೂರಿಸಿ, ಮಂಡಕ್ಕಿ ಮೆಣಸಿನಕಾಯಿ ತರಿಸಿದರು. ಹಿಂದೆಯೇ ಚಾ ಬಂತು. ಕುಡಿದೆ. ಬೋರ್ಡು ಬಲು ಚೆಂದ ಬರೆದಿದ್ದೀರಿ ಎಂದರು. ಸಂತೋಷವಾಗಿ ಮನೆಗೆ ಬಂದೆ. ಹೇಳಿದಿರಾ ಎಂದು ಗಿರಿಜಾ ಕೇಳಿದಾಗಲೇ ಹೋದ ಕೆಲಸ ನೆನಪಾದದ್ದು. ಮತ್ತೆ ಹೋದೆ. ಈ ಸಲ ನೆನಪಿತ್ತು, ಆದರೆ ಚಾ ಶುಂಠಿ ಹಾಕಿದ್ದು.

ಮೂರನೆಯ ಸಲ ಅವಳೇ ಸೆರಗು ಬಿಗಿದುಕೊಂಡು ಜೊತೆಗೆ ಹೊರಟಳು. ಮಂಡಿಯ ಗಾದಿಗೆ ಹೆಂಗಸರು ಬಂದು ಕೂರುವ ಪದ್ಧತಿ ಇರಲಿಲ್ಲ. ಗುರುಶಾಂತಪ್ಪನವರು ತಡಬಡಿಸಿ, “ಬರ್ರಿ ತಂಗಿ, ಕೂಡ್ರಿ” ಎಂದು ತಾವೇ ಜಾಗ ಬಿಟ್ಟರು. ಚಾ ಬಂತು. ನನ್ನ ಕೈ ಅಭ್ಯಾಸದಂತೆ ಮುಂದೆ ಹೋಯಿತು. ಗಿರಿಜಾ ಅದರ ಮೇಲೆ ತನ್ನ ಕೈ ಇಟ್ಟು ಗಾದಿಗೆ ಒತ್ತಿ ಹಿಡಿದಳು.

“ನಮಗೆ ಈಗ ಬ್ಯಾಡ್ರಿ ಅಣ್ಣಾರೆ” ಅಂದಳು.

ಆ ‘ನಮಗೆ’ಯಲ್ಲಿ ನಾನೂ ಸೇರಿದ್ದೆ. ಪಕ್ಕದ ಅಂಗಡಿಯ ತಕ್ಕಡಿ ನಿಂತಿತು. ಎದುರಿನವರು ಲೆಕ್ಕ ಹೇಳುವುದು ನಿಂತಿತು. ಗುರುಶಾಂತಪ್ಪನವರ ಮುಖ ಸಣ್ಣದಾಯಿತು. ಯಾಕ, ನಮ್ಮ ಮಾಲಿನಾಗೆ ಏನಾರ ತಪ್ಪಾತಾ ಎಂದು ಕೇಳಿದರು.

“ತಪ್ಪಾಗಿರೋದು ಅಂಗಡಿ ಮಾಲಿನಾಗಲ್ರಿ, ದವಾಖಾನೆನಾಗೆ. ನಿಮ್ಮ ಶೇಂಗಾ ಚೀಲ ಆ ಕಟ್ಟೆ ಮೇಲೆ ಸಲೀಸಾಗಿ ಹೋಗ್ತೈತೆ, ನಮ್ಮ ಯಜಮಾನ್ರಿಗೆ ಹೋಗಾಕಾಗವಲ್ದು. ಹಿಂಗೇ ಆದ್ರೆ ಕಾಲು ತೆಗಿತಾರಂತೆ. ಆ ಕಟ್ಟೆಗೆ ನಮ್ಮ ಮನೆ ಕಂದಾಯಾನೂ ಸೇರೈತೆ ಅಣ್ಣಾರೆ.”

ಗುರುಶಾಂತಪ್ಪನವರು ಲೆಕ್ಕದ ಪುಸ್ತಕ ಮುಚ್ಚಿಟ್ಟರು. ಟೋಪಿ ಇಟ್ಟುಕೊಂಡು, ಮೆಟ್ಟು ಮೆಟ್ಟಿಕೊಂಡು, ನೇರ ದವಾಖಾನೆಗೆ ನಡೆದರು. ಹಿಂದೆ ನಾವು, ನಮ್ಮ ಹಿಂದೆ ಅರ್ಧ ಮಂಡಿಪೇಟೆ. ಕಟ್ಟೆಯ ಮುಂದೆ ನಿಂತು ಮೂರು ಕಲ್ಲುಗಳನ್ನು ಮೇಲೆ ಕೆಳಗೆ ನೋಡಿದರು. ಆಮೇಲೆ ಯಾರೂ ಎಣಿಸದ ಒಂದು ಕೆಲಸ ಮಾಡಿದರು. ಹೆಗಲ ಮೇಲಿನ ಟವೆಲಿನಿಂದ ತಮ್ಮ ಎಡ ಮೊಣಕಾಲು ಬಗ್ಗದ ಹಾಗೆ ಬಿಗಿದುಕೊಂಡು, ನನ್ನ ಕೋಲು ಇಸಿದುಕೊಂಡು, ಹತ್ತಲು ನಿಂತರು. ತೂಕದ ಆಸಾಮಿ. ಮೊದಲನೇ ಕಲ್ಲು ಹೇಗೋ ಆಯಿತು. ಎರಡನೆಯದಕ್ಕೆ ಕೋಲು ಒಂದು ಕಡೆ, ಅವರು ಒಂದು ಕಡೆ. ಯಾರಿಗೋ ನಗು ಬಂತು, ಆದರೆ ನಗಲಿಲ್ಲ. ಅವರು ಆ ಕಲ್ಲಿನ ಮೇಲೆಯೇ ಕೂತು, ಟವೆಲು ಬಿಚ್ಚಿ ಬೆವರು ಒರೆಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ತಪ್ಪು ನಂದೈತೆ ಮೇಷ್ಟ್ರೆ. ಚೀಲದ ಬಗ್ಗೆ ವಿಚಾರ ಮಾಡಿ ಕಟ್ಟಿಸೀನಿ, ಮನುಷ್ಯನ ಬಗ್ಗೆ ಮಾಡಲಿಲ್ಲ.”

ಮಂಡಿಯಿಂದ ಹಮಾಲರು ಚೀಲ ಏರಿಸುವ ಅಗಲದ ಹಲಗೆ ಆಗಿಂದಾಗಲೇ ಬಂತು. ಅದರ ಮೇಲೆ ಸಣ್ಣ ಹೆಜ್ಜೆ ಇಟ್ಟುಕೊಂಡು ಅವತ್ತೇ ಪಟ್ಟಿ ಕಟ್ಟಿಸಿಕೊಂಡೆ. ಮುಂದಿನ ಮೀಟಿಂಗಿನಲ್ಲಿ ಇಳಿಜಾರಿನ ಮಾತು ಬಂದಾಗ, ಹೊಸಾ ಕಟ್ಟಡಕ್ಕೆ ಈಗಲೇ ಮತ್ತೆ ಖರ್ಚೆಂದರೆ ಜನಕ್ಕೆ ಯಾರು ಜವಾಬು ಹೇಳುವುದು ಎಂದು ಮೆಂಬರೊಬ್ಬರು ಎದ್ದರಂತೆ. ಗುರುಶಾಂತಪ್ಪನವರು, ನಾನೇ ಹೇಳ್ತೀನಿ, ಬೇಕಾದರೆ ದವಾಖಾನೆ ಮುಂದೆ ಕೂತು ಹೇಳ್ತೀನಿ ಎಂದು ಕೈ ಎತ್ತಿದರಂತೆ. ತಪ್ಪು ನನ್ನದು ಎಂದ ಮನುಷ್ಯನ ಜೊತೆ ವಾದ ಮಾಡುವುದು ಹೇಗೆಂದು ಸಭೆಗೆ ಗೊತ್ತಾಗಲಿಲ್ಲ. ಕಲ್ಲಿನ ಇಳಿಜಾರು ಬಂತು, ಪಕ್ಕದಲ್ಲಿ ಹಿಡಿದುಕೊಳ್ಳಲು ನಲ್ಲಿಯ ದಪ್ಪ ಪೈಪು ಬಂತು.

ಅದರ ಮೇಲೆ ನಾನು ಮೊದಲ ಸಲ ಯಾರ ಕೈಯನ್ನೂ ಹಿಡಿಯದೆ ನಡೆದು ಹೋದ ದಿನ ನೆನೆದರೆ ಈಗಲೂ ಎದೆ ತುಂಬುತ್ತದೆ. ನನ್ನ ಮುಂದೆ ಒಬ್ಬಳು ತುಂಬು ಬಸುರಿ, ಹಿಂದೆ ಮಾಯಕೊಂಡ ಕಡೆಯ ಅಜ್ಜಿ, ಅವರ ಹಿಂದೆ ಎರಡೂ ಕಂಕುಳಲ್ಲಿ ಕೋಲು ಇಟ್ಟುಕೊಂಡ ಮಿಲ್ಲಿನ ಕೆಲಸಗಾರ. ನನಗೊಬ್ಬನಿಗೇ ಕಷ್ಟ ಎಂದುಕೊಂಡಿದ್ದೆ. ಇಷ್ಟು ಜನ ಕೆಳಗಿನಿಂದಲೇ ವಾಪಸು ಹೋಗುತ್ತಿದ್ದದ್ದು ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಬಾಗಿಲ ಮೇಲಿನ ನನ್ನ ಬೋರ್ಡು ಅವತ್ತು ನನಗೇ ಚೆಂದ ಕಂಡಿತು. ಗಾಯ ಮಾಯಿತು. ಅರ್ಧ ಕಾಲು ಅರ್ಧವಾಗಿಯೇ, ಆದರೆ ನನ್ನ ಹತ್ತಿರವೇ ಉಳಿಯಿತು. ಇದಕ್ಕೆ ಡಾಕ್ಟರಿಗೂ ಋಣಿ, ಗುರುಶಾಂತಪ್ಪನವರಿಗೂ ಋಣಿ. ಗಿರಿಜಾಳಿಗೆ ಎಷ್ಟು ಋಣಿ ಎನ್ನುವುದನ್ನು ಅವಳೇ ಆಗಾಗ ನೆನಪಿಸುತ್ತಿರುತ್ತಾಳೆ.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಕೆಲವು ತಿಂಗಳ ಮೇಲೆ ನನಗೆ ಎದೆಯುರಿ ಶುರುವಾಯಿತು. ಡಾಕ್ಟರು ವಿಚಾರಿಸಿ, ಚಾ ಪೂರ್ತಿ ಬಿಡಬೇಕೆಂದು ಕಟ್ಟುನಿಟ್ಟು ಮಾಡಿದರು. ಮರುದಿನವೇ ಮಂಡಿಪೇಟೆಯಲ್ಲಿ ಗುರುಶಾಂತಪ್ಪನವರು ಕರೆದು ಕೂರಿಸಿದರು. ಚಾ ಬಂತು. ಜನ್ಮದಲ್ಲೇ ಮೊದಲ ಸಲ, ಗಟ್ಟಿ ಮನಸ್ಸು ಮಾಡಿ, ಈಗ ಬ್ಯಾಡ್ರಿ ಎಂದುಬಿಟ್ಟೆ.

ಪಕ್ಕದ ಅಂಗಡಿಯ ತಕ್ಕಡಿ ನಿಂತಿತು. ಗುರುಶಾಂತಪ್ಪನವರು ಟೋಪಿಗೆ ಕೈ ಹಾಕಿದರು. ಇಳಿಜಾರು ಬಿರುಕು ಬಿಟ್ಟಿತಾ, ಪೈಪು ಅಲ್ಲಾಡುತ್ತಾ, ಕಂಪೌಂಡರು ಹೊತ್ತಿಗೆ ಬರುತ್ತಿಲ್ಲವಾ ಎಂದು ಒಂದೇ ಉಸಿರಿಗೆ ಕೇಳಿದರು. ಡಾಕ್ಟರು ಬೇಡವೆಂದಿದ್ದಾರೆ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಸಂಕೋಚ ಪಟ್ಟುಕೊಳ್ಳಬ್ಯಾಡ್ರಿ, ನಮ್ಮ ತಂಗಿ ಹಂಗೆ ನೇರ ಹೇಳ್ರಿ ಎಂದರು. ನಮ್ಮ ಓಣಿಯ ದೀಪ ಉರಿಯುತ್ತಿಲ್ಲ ಎಂದು ಹೇಳಿಬಿಡಲೇ ಎಂಬ ದುರಾಸೆಯೂ ಒಂದು ಗಳಿಗೆ ಬಂದುಹೋಯಿತು. ಆದರೆ ನನ್ನ ಕಾಲು ಉಳಿಸಿದ ಮನುಷ್ಯ ಎದುರಿಗೆ ಅಷ್ಟು ಗಾಬರಿಯಾಗಿ ನಿಂತದ್ದು ನೋಡಲಾಗಲಿಲ್ಲ. ಲೋಟ ಎತ್ತಿ ಕುಡಿದೆ. ಅವರ ಜೀವಕ್ಕೆ ಪೂರ್ತಿ ಸಮಾಧಾನವಾಗಲಿ ಎಂದು ಇನ್ನೊಂದೂ ಕುಡಿದೆ.

ಮಾರನೆಯ ಬೆಳಗ್ಗೆ ಎದೆ ಹಿಡಿದುಕೊಂಡು ದವಾಖಾನೆಗೆ ಹೋದೆ. ಇಳಿಜಾರು ಗಟ್ಟಿಯಾಗಿತ್ತು, ಪೈಪು ಅಲ್ಲಾಡಲಿಲ್ಲ, ಕಂಪೌಂಡರು ಹೊತ್ತಿಗೆ ಮುಂಚೆಯೇ ಬಂದಿದ್ದರು, ಡಾಕ್ಟರು ಕುರ್ಚಿಯಲ್ಲಿದ್ದರು, ಔಷಧಿಯೂ ಇತ್ತು. ಇದಕ್ಕೆ ಯಾರು ಕಾರಣ ಎಂದು ಡಾಕ್ಟರು ಗದರಿದರು. ಸುತ್ತಲೂ ಹುಡುಕಿ ನೋಡಿದೆ. ತಪ್ಪು ಹೊರಿಸುವುದಕ್ಕೆ ಮುನ್ಸಿಪಾಲ್ಟಿಯವರು ನನ್ನೊಬ್ಬನನ್ನು ಬಿಟ್ಟು ಬೇರೆ ಯಾರನ್ನೂ ಉಳಿಸಿರಲಿಲ್ಲ.