ಹೆಸರು ಹಿಡಿದು ಕರೆಯುವ ಅತ್ತೆ

ನಮ್ಮ ಅತ್ತೆ, ಎಂದರೆ ಅಪ್ಪನ ಅಕ್ಕ, ಈವರೆಗೆ ಮೂರು ಛತ್ರಿ, ಎರಡು ಕನ್ನಡಕ, ಮತ್ತು ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ಹೋಳಿಗೆ ತುಂಬಿದ ಒಂದು ಸ್ಟೀಲ್ ಡಬ್ಬಿ ಮರೆತು ಬಂದಿದ್ದಾರೆ. ಆದರೆ ಒಬ್ಬನೇ ಒಬ್ಬ ಮನುಷ್ಯನನ್ನೂ ಎಲ್ಲಿಯೂ ಬಿಟ್ಟು ಬಂದಿಲ್ಲ! ಅದರಲ್ಲೇನು ಹೆಚ್ಚುಗಾರಿಕೆ ಎನ್ನುತ್ತೀರಾ? ಮನುಷ್ಯ ಎಂದರೆ ತಲೆ, ಕೈಕಾಲು, ಆಧಾರ್ ಕಾರ್ಡು ಇಷ್ಟೇ ಎಂದು ತಿಳಿದವರು ನೀವು. ಅತ್ತೆಯ ಲೆಕ್ಕವೇ ಬೇರೆ.

ಗದ್ದಲದ ಜಾಗದಿಂದ, ಬೆಚ್ಚಿಬಿದ್ದ ಜಾಗದಿಂದ ಮೊದಲು ಹೊರಡುವುದು ಬರೀ ಮೈಯಂತೆ. ಒಳಗಿನದು ಇನ್ನೂ ಅಲ್ಲೇ ಅಡ್ಡಾಡುತ್ತಿರುತ್ತದಂತೆ. ಆದ್ದರಿಂದ ಬಾಗಿಲಲ್ಲಿ ಹಿಂದಕ್ಕೆ ತಿರುಗಿ, ಒಬ್ಬೊಬ್ಬರ ಹೆಸರು ಹಿಡಿದು ಮೂರು ಸಲ ಕರೆಯಬೇಕು. ಕರೆಸಿಕೊಂಡವರು “ಬಂದೆ” ಎನ್ನಬೇಕು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿ ಬಾಯಿ ತೆರೆಯುವ ಮೊದಲೇ ಖಂಡನೆ ಸಿದ್ಧವಿಟ್ಟುಕೊಳ್ಳುವ ನಾನು ಇದನ್ನು ಸುಮ್ಮನೆ ಬಿಡುತ್ತೇನೆಯೇ?

“ಅನ್ನಲಿಲ್ಲ ಅಂದ್ರ ಮನಿಗೆ ಬಂದಾಕಿ ಯಾರು, ಅತ್ತಿ?”

“ಊಟಕ್ಕ ಕುಂತಾಗ ಗೊತ್ತಾಗ್ತದ. ಅಂಥಾಕಿ ಉಪ್ಪು ಕೇಳಂಗಿಲ್ಲ.”

ಇದಕ್ಕೆ ಯಾವ ಖಂಡನೆ ಮಾಡುತ್ತೀರಿ!

ಒಮ್ಮೆ ಹೈದರಾಬಾದಿನ ನಾಂಪಲ್ಲಿಯ ಎಕ್ಸಿಬಿಷನ್ ಗೇಟಿನಲ್ಲಿ ನಿಂತು ಅತ್ತೆ ನಮ್ಮ ಅಪ್ಪನನ್ನು ಕರೆದರು: “ಏ ಶ್ರೀನಿವಾಸಾ, ಬಾರೋ, ಮನಿಗೆ ಹೋಗೂಣು!” ಜನರ ನಡುವಿನಿಂದ ನಾಲ್ಕು ಜನ ಶ್ರೀನಿವಾಸರು ಬಂದರು. ಅವರಲ್ಲೊಬ್ಬ ನಮ್ಮ ಚಾಪೆ ಹೊತ್ತು ಆಟೋವರೆಗೂ ಬಂದ. ಇನ್ನೊಮ್ಮೆ ನನ್ನ ಚರ್ಚಾಸ್ಪರ್ಧೆ ಮುಗಿದ ಮೇಲೆ ಖಾಲಿ ಸಭಾಂಗಣದತ್ತ ತಿರುಗಿ “ಪದ್ದಿ! ಏ ಪದ್ದಿ!” ಎಂದು ಕೂಗಿದರು. ವೇದಿಕೆಯ ಮೇಲೆ ಪದ್ಮಜಾ ಆಗಿ ಗೆದ್ದವಳು ಬಾಗಿಲಲ್ಲಿ ಪದ್ದಿಯಾಗಿ ಸೋತೆ. ಅಂದಿನಿಂದ ನಾನು ಉತ್ತರ ಕೊಡುವುದನ್ನೇ ನಿಲ್ಲಿಸಿದ್ದೆ. ತತ್ತ್ವ ಎಂದರೆ ತತ್ತ್ವ.

ಆಮೇಲೆ ಮಾವ ಆಸ್ಪತ್ರೆಯಲ್ಲಿ ತೀರಿಕೊಂಡರು. ಅತ್ತೆಯನ್ನು ಅಪ್ಪ ನಮ್ಮ ಮನೆಗೆ ಕರೆತಂದರು. ಬಂದವರು ಸೋಫಾದ ತುದಿಯಲ್ಲಿ ಕೂತವರು, ಯಾರದೋ ಮನೆಯಲ್ಲಿ ಕಾಯುತ್ತಿರುವ ಹಾಗೆ ಕೂತೇ ಇದ್ದರು. ಒಂದು ದಿನ ಅಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಪಿಸುಗುಟ್ಟಿದರು: “ಇವತ್ತ ಸಾರಿಗೆ ಉಪ್ಪು ಹಾಕೂದು ಮರ್ತಿದ್ದೆ. ಅಕ್ಕಾರು ಸುಮ್ಮನ ಉಂಡು ಎದ್ದರು, ನೋಡು.”

ನಾನು ನಕ್ಕೆ. ನಗು ಪೂರ್ತಿ ಬರಲಿಲ್ಲ.

ಎಂಟು ತಿಂಗಳು ಹೀಗೇ ಕಳೆದ ಮೇಲೆ, ಹೇಗಾದರೂ ಮಾಡಿ ಅವರನ್ನು ಮೊದಲಿನಂತೆ ಮಾಡಬೇಕೆಂದು ಅಪ್ಪ ನಮ್ಮನ್ನೆಲ್ಲ ಊರಾಚೆಯ ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೊರಡಿಸಿದರು. ವಾರದ ನಡುವಿನ ದಿನ, ಸುಡುಬಿಸಿಲಿನ ಮಧ್ಯಾಹ್ನ. ಪಾರ್ಕಿನಲ್ಲಿ ಜನವೇ ಇಲ್ಲ. ಆದರೆ ಎಲ್ಲ ಆಟಗಳೂ ನಡೆಯುತ್ತಿದ್ದವು! ಖಾಲಿ ಕುರ್ಚಿಗಳನ್ನು ಹೊತ್ತ ಜೋಕಾಲಿ ಗಾಳಿಯಲ್ಲಿ ಸುತ್ತುತ್ತಿತ್ತು. ಯಾರೂ ಇಲ್ಲದ ಕೊಳದಲ್ಲಿ ಅಲೆಗಳು ಎದ್ದು, ಯಾರನ್ನೋ ಹುಡುಕಿ, ಹಿಂದಿರುಗುತ್ತಿದ್ದವು. ಕಂಬದ ಸ್ಪೀಕರಿನಿಂದ ರೆಕಾರ್ಡ್ ಮಾಡಿಟ್ಟ ಮಕ್ಕಳ ನಗು ಆಗಾಗ ಬಂದು, ಪ್ರತಿ ಸಲ ಒಂದೇ ಜಾಗದಲ್ಲಿ ಕತ್ತರಿಸಿದಂತೆ ನಿಲ್ಲುತ್ತಿತ್ತು.

“ಎಷ್ಟು ಮಂದಿ ಉಳಕೊಂಡಾರ ಇಲ್ಲಿ!” ಎಂದರು ಅತ್ತೆ.

“ಒಬ್ರೂ ಇಲ್ಲಲ್ಲ, ಅತ್ತಿ.”

“ಅದಽ ಹೇಳಾಕತ್ತೀನಿ.”

ಕೊನೆಗೆ ದೆವ್ವದ ಮನೆ. ಒಳಗೆ ಪ್ಲಾಸ್ಟರಿನ ಅಸ್ಥಿಪಂಜರ, ಕೆಂಪು ಬಲ್ಬು, ಹಿಂದಿಯಲ್ಲಿ ಗದರುವ ಒಂದು ತಲೆ. ಅಪ್ಪ ಅಮ್ಮನ ಕೈ ಹಿಡಿದರು, ಅಮ್ಮ ನನ್ನ ಜಡೆ ಹಿಡಿದರು. ಅತ್ತೆಯೊಬ್ಬರೇ ಸಂತೆಗೆ ಬಂದವರಂತೆ ಆರಾಮವಾಗಿ ನೋಡುತ್ತ ನಡೆದರು. ಹೊರಗೆ ಬಂದೆವು. ರೂಢಿಯಂತೆ ಅತ್ತೆ ಹಿಂದಕ್ಕೆ ತಿರುಗಿದರು. ಅಪ್ಪನನ್ನು ಕರೆದರು, ಅಪ್ಪ “ಬಂದೆ” ಎಂದರು. ಅಮ್ಮನೂ ಹಾಗೆಯೇ. ಬಳಿಕ,

“ಏ ಪದ್ದಿ, ಬಾರವ್ವಾ, ಮನಿಗೆ ಹೋಗೂಣು.”

ನಾನು ತುಟಿ ಬಿಗಿಹಿಡಿದೆ. ಮೂರನೆಯ ಕೂಗು ಮುಗಿಯಿತು. ಆಗ ಕತ್ತಲೆಯ ಬಾಗಿಲಿನೊಳಗಿಂದ, ಮೆಲ್ಲಗೆ, ಸ್ಪಷ್ಟ ಕನ್ನಡದಲ್ಲಿ ಕೇಳಿಸಿತು:

“ಬಂದೆ…”

ಅಪ್ಪ ಅಮ್ಮನ ಕಡೆ ನೋಡಿದರು, ಅಮ್ಮ ನನ್ನ ಕಡೆ. ನಾನು ಬಾಗಿಲ ಬಳಿ ನಿಂತ ಕೆಲಸದವನ ಕಡೆ ನೋಡಿದೆ.

“ಅಂದರ್ ಕೌನ್ ಹೈ ಭಾಯಿ?”

“ಕೋಯಿ ನೈ ಮೇಡಂ. ಸುಬೇ ಸೇ ಆಪೀಚ್ ಲೋಗ್ ಆಯೆ.” ಒಳಗೆ ಯಾರೂ ಇಲ್ಲ, ಬೆಳಗಿನಿಂದ ಬಂದವರು ನಾವಷ್ಟೇ!

ವಾದಗಳು ನನ್ನ ತಲೆಯಲ್ಲಿ ಸಾಲುಗಟ್ಟಿದವು. ಒಂದು, ಪ್ರತಿಧ್ವನಿ. ಆದರೆ ಯಾರೂ ಆಡದ ಮಾತಿಗೆ ಪ್ರತಿಧ್ವನಿ ಎಲ್ಲಿಯದು? ಎರಡು, ಗೋಡೆಯ ಹಿಂದೆ ನಮ್ಮ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಯಾರೋ ಹೆಂಗಸು, ಅವಳ ಹೆಸರೂ ಪದ್ದಿ. ಹೈದರಾಬಾದಿನಲ್ಲಿ ಗೋಡೆ ಎದ್ದಲ್ಲೆಲ್ಲ ಕಲಬುರಗಿಯವರಿದ್ದಾರೆ. ಇದು ಗಟ್ಟಿ ವಾದ, ಈಗಲೂ ಅದನ್ನೇ ನಂಬಿದ್ದೇನೆ. ಅಂದು ಮಾತ್ರ ಬಾಗಿಲಿನಿಂದ ಎರಡು ಹೆಜ್ಜೆ ಹಿಂದೆ ಸರಿದೆ.

“ನಿನ್ನ ದನಿ ಅಲ್ಲವ್ವಾ ಅದು,” ಎಂದರು ಅತ್ತೆ.

“ಮತ್ತ ಯಾರದು?”

“ನಂದು.”

ಸ್ಪೀಕರಿನ ಮಕ್ಕಳು ನಕ್ಕು, ಅದೇ ಜಾಗದಲ್ಲಿ ನಿಂತರು.

“ಆವತ್ತು ದವಾಖಾನಿ ಬಾಗಲದಾಗ ನಿಮ್ಮನ್ನೆಲ್ಲಾ ಕರದೆ. ನಿಮ್ಮ ಮಾವನ್ನೂ ಕರದೆ. ನನ್ನ ಕರಿಯೋರು ಯಾರಿದ್ರು? ಪ್ರತಿ ಸಲ ಅವರಽ ಕರೀತಿದ್ರು.” ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು. “ಯಾರರ ಕರದ್ರ ಸಾಕು ಅಂತ ಕಾಯಾಕತ್ತೀನಿ. ಯಾರ ಹೆಸರಿಗಾದ್ರೂ ಓ ಅಂತೀನಿ, ನೋಡು.”

ಅಪ್ಪ ತಲೆ ತಗ್ಗಿಸಿದರು. ಅವರಿಗೆ ಇವರು ಅಕ್ಕ, ಅಮ್ಮನಿಗೆ ಅಕ್ಕಾರು, ನನಗೆ ಅತ್ತಿ. ಹಿರಿಯರ ಹೆಸರು ಹಿಡಿದು ಕರೆಯುವುದು ನಮ್ಮ ಮನೆಯಲ್ಲಿ ಕೆನ್ನೆಗೆ ಹೊಡೆದಷ್ಟೇ ತಪ್ಪು. ಮಾವ ಹೋದ ದಿನವೇ ಅತ್ತೆಯ ಹೆಸರು ಆಡುವ ಬಾಯಿ ಈ ಭೂಮಿಯ ಮೇಲೆ ಒಂದೂ ಉಳಿಯಲಿಲ್ಲ. ಎಂಟು ತಿಂಗಳು ಒಂದೇ ಮನೆಯಲ್ಲಿದ್ದು, ನನಗೆ ಇದು ಹೊಳೆದಿರಲಿಲ್ಲ.

ನಾನು ದೆವ್ವದ ಮನೆಯತ್ತ ಅಲ್ಲ, ರಸ್ತೆಯ ಕಡೆಗೆ, ಅತ್ತೆ ಉಳಿದುಹೋದ ನಗರದ ಆ ಆಸ್ಪತ್ರೆ ಇರುವ ದಿಕ್ಕಿಗೆ ತಿರುಗಿದೆ. ಅತ್ತೆಯ ಹೆಸರು ಹಿಡಿದು ಕೂಗಿದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬಾಯಿಗೆ ಹೊಸದು, ಮೊದಲನೆಯ ಸಲ ತಡವರಿಸಿತು.

“ಬಾ, ಮನಿಗೆ ಹೋಗೂಣು.”

ಎರಡನೆಯ ಸಲವೂ ಉತ್ತರವಿಲ್ಲ. ಅಮ್ಮ ನನ್ನ ಜಡೆ ಬಿಟ್ಟಿರಲಿಲ್ಲ. ಮೂರನೆಯ ಸಲ ಚರ್ಚೆಯ ವೇದಿಕೆಯಲ್ಲೂ ಏರಿಸದಷ್ಟು ದನಿಯೇರಿಸಿ ಕೂಗಿದೆ.

ಪಕ್ಕದಲ್ಲೇ ನಿಂತಿದ್ದ ಅತ್ತೆ, ಎಲ್ಲಿಂದಲೋ ಬಹಳ ದೂರ ನಡೆದು ಬಂದವರಂತೆ ಏದುಸಿರು ಬಿಡುತ್ತ, ನನ್ನ ಮೊಣಕೈ ಹಿಡಿದುಕೊಂಡರು.

“ಬಂದೆ, ತಡಿಯವ್ವಾ,” ಎಂದರು. “ಬಂದೆ.”